ಬೆನ್ನಿನ ಗಡ್ಡೆಯಲ್ಲ

ಬೊಕ್ಕಪಟ್ಣ, ಮಂಗಳೂರು

ಲ್ಯಾಬಿನ ಡಾಕ್ಟರಿಗೆ ನಮಸ್ಕಾರ.

ನಾನು ಪೂವಪ್ಪ ಪುತ್ರನ್ ಅವರ ಮಗಳು. ಅಪ್ಪನ ಗಡ್ಡೆ ಇರುವುದು ಎಡ ಕಿಡ್ನಿಯ ಪಕ್ಕದಲ್ಲಿ. ಪರೀಕ್ಷೆಗೆ ತುಂಡು ತೆಗೆಯುವ ಸೂಜಿಯನ್ನು ಬೆನ್ನಿನಿಂದ ಚುಚ್ಚಿದ್ದರಿಂದ ನಿಮ್ಮವರು ‘ಬೆನ್ನಿನ ಗಡ್ಡೆ’ ಎಂದು ಬರೆದುಕೊಂಡರು. ಮೈಕ್ರೋಸ್ಕೋಪಿನಲ್ಲಿ ನಿಮಗೆ ಕಂಡದ್ದು ಕೊಬ್ಬು. ಬೆನ್ನಿನ ಕೊಬ್ಬಿನ ಗಂಟು, ಅಪಾಯವಿಲ್ಲ ಎಂದು ಸಹಿ ಹಾಕಿದಿರಿ.

ಸ್ಕ್ಯಾನ್ ನೋಡಿದ ಸರ್ಜನ್ ಗಾಬರಿಯಾದರು. ಚರ್ಮದಡಿಯ ಕೊಬ್ಬನ್ನು ನಂಬಬಹುದು, ಕಿಡ್ನಿಯ ಬಳಿ ಅಷ್ಟು ದೊಡ್ಡದಾಗಿ ಬೆಳೆದದ್ದನ್ನು ಕ್ಯಾನ್ಸರ್ ಅಲ್ಲವೆಂದು ಖಚಿತವಾಗುವವರೆಗೆ ನಂಬಬಾರದು ಎಂದರು. ಅದನ್ನು ಹೇಳಲು ನಾನು ಲ್ಯಾಬಿಗೆ ಬಂದಾಗ ನೀವು ಕೇಳಿದಿರಿ: “ನೀವು ಎಂತ ಓದಿದ್ದು?”

ಕನ್ನಡ ಎಂ.ಎ. ಎಂದೆ.

“ಹಾಗಾದ್ರೆ ಕಥೆ ಬರೀರಿ ಮಾರಾಯ್ತಿ, ಸ್ಲೈಡ್ ನಾವು ನೋಡ್ತೇವೆ.”

ಅಲ್ಲಿದ್ದವರೆಲ್ಲ ನಕ್ಕರು. ಅದಕ್ಕೇ ಬರೆಯುತ್ತಿದ್ದೇನೆ.

ಜಾಗ ಯಾವುದೆಂದು ತಿಳಿದುಕೊಂಡು ಅದೇ ಸ್ಲೈಡನ್ನು ಮತ್ತೊಮ್ಮೆ ನೋಡಿ. ಮೇಣದಲ್ಲಿ ಕೂರಿಸಿಟ್ಟಿರುವ ತುಂಡನ್ನು, ಕ್ಯಾನ್ಸರ್ ಹೌದೋ ಅಲ್ಲವೋ ತಿಳಿಯಲು, ಜೀನ್ ಪರೀಕ್ಷೆಗೆ ಕೊಡಿ. ಲ್ಯಾಬಿನ ಸೊತ್ತು, ಹೊರಗೆ ಕೊಡುವುದಿಲ್ಲ ಎಂದು ಇನ್ನೊಮ್ಮೆ ಹೇಳಬೇಡಿ. ಅದು ಅಪ್ಪನ ಮೈಯದು.

“ಬರೀ ಕೊಬ್ಬಂತೆ! ಬಂಗುಡೆ ತಿಂದದ್ದು ಜಾಸ್ತಿಯಾಯ್ತು” ಎಂದು ನಗುತ್ತಾ ಅಪ್ಪ ಮೀನು ಹಿಡಿಯಲು ಬೋಟು ಹತ್ತಿದ್ದಾರೆ. ಶನಿವಾರ ಬೋಟು ನಿಲ್ಲುವ ಧಕ್ಕೆಗೆ ಬಂದಕೂಡಲೇ ನಿಮ್ಮಲ್ಲಿಗೆ ಕರೆತರುತ್ತೇನೆ. ಏನೂ ಇಲ್ಲವೆಂದು ಅವರನ್ನು ನಂಬಿಸಿದ್ದು ನೀವು. ಇರಬಹುದು ಎಂಬುದನ್ನೂ ನೀವೇ ಎದುರು ಕುಳಿತು ಹೇಳಬೇಕು. ನಾನು ಹೇಳುವುದಿಲ್ಲ.

ಉತ್ತರಕ್ಕೆ ಕಾಯದೆ ಬರಲಿರುವ,
ಜ್ಯೋತ್ಸ್ನಾ ಪುತ್ರನ್