ಏಳನೆಯ ಮಾತ್ರೆ

ಕೊಲ್ಲಾಪುರ
೮ ಸೆಪ್ಟೆಂಬರ್ ೨೦೨೫

ಪ್ರೀತಿಯ ಮನಾಲಿ,

ಜೈ ಜಿನೇಂದ್ರ. ಇಚಲಕರಂಜಿಯಲ್ಲಿ ಎಲ್ಲರೂ ಆರಾಮವೇ? ನಿನ್ನ ಬೆನ್ನುನೋವು ಹೇಗಿದೆ? ದಿನವಿಡೀ ಮಗ್ಗದ ಶೆಡ್ಡಿನಲ್ಲಿ ನಿಂತರೆ ಅದು ಎಲ್ಲಿ ವಾಸಿಯಾಗಬೇಕು, ಮಧ್ಯಾಹ್ನ ಸ್ವಲ್ಪ ಹೊತ್ತಾದರೂ ಮಲಗು. ಅಪ್ಪನ ಸಕ್ಕರೆ ಕಾಯಿಲೆ ಹಿಡಿತದಲ್ಲಿದೆ. ಆದರೂ ಗೋಕುಳ ಶಿರಗಾಂವದ ಫೌಂಡ್ರಿಗೆ ಹೋಗಿ ನಾಲ್ಕು ಜನರನ್ನು ಬಯ್ದು ಬರದಿದ್ದರೆ ಅವರಿಗೆ ಊಟ ಸೇರುವುದಿಲ್ಲ. ನಾನು ಫೋನು ಮಾಡಿದರೆ ನೀನು ಎರಡು ಮಾತಾಡಿ ಮಗಳ ಕೈಗೆ ಕೊಡುತ್ತೀಯ. ಅದಕ್ಕೇ ಪತ್ರ. ಪರ್ಯೂಷಣ ಮುಗಿದು ಎಲ್ಲರಲ್ಲೂ ಕ್ಷಮೆ ಕೇಳುವ ದಿನ ಇವತ್ತು, ನಾನು ಮೊದಲು ಕೇಳಬೇಕಾದದ್ದು ನಿನ್ನನ್ನು.

ರಾಖಿಗೆ ನಿಮ್ಮ ಮನೆಗೆ ಬಂದಾಗಲೇ ಹೇಳಬೇಕೆಂದಿದ್ದೆ. ನೀನು ಬಡಿಸುತ್ತಿದ್ದೆ, ರುತುಜಾ ತಾಟು ಬೋರಲು ಹಾಕಿ ಬಾರಿಸುತ್ತಿದ್ದಳು. ಆರು ವರ್ಷದ ಕೂಸು, ಯಾರೂ ಕಲಿಸದೆ ಎಷ್ಟು ಚೆಂದ ಬಾರಿಸುತ್ತಿತ್ತು. ನೀನು ತಾಟು ಕಸಿದುಕೊಂಡು, "ಬಿಡವಾ, ನಮ್ಮ ಕೈಯಾಗ ತಾಳ ನಿಲ್ಲೂದಿಲ್ಲ," ಎಂದೆ. ತಲೆ ಬಗ್ಗಿಸಿ ಇನ್ನೊಂದು ಸಲ ಶ್ರೀಖಂಡ ಹಾಕಿಸಿಕೊಂಡೆ.

ನಿನಗೆ ಗೊತ್ತಿರುವುದನ್ನೇ ಮೊದಲು ಬರೆಯುತ್ತೇನೆ, ಇಲ್ಲದಿದ್ದರೆ ಮುಂದಿನದಕ್ಕೆ ಧೈರ್ಯ ಬರುವುದಿಲ್ಲ. ಅಪ್ಪ ಗಾಲ್ಫ್ ಕಲಿಸಲು ಹೊರಟಿದ್ದು ನನಗೆ. ಪುಣೆಯಿಂದ ಕೋಚ್ ಬರುತ್ತಿದ್ದ, ನನ್ನ ಮೊಣಕೈ, ಸೊಂಟ ಎಲ್ಲ ಅಳತೆ ಮಾಡುತ್ತಿದ್ದ. ನೀನು ಸುಮ್ಮನೆ ಜೊತೆಗೆ ಬಂದವಳು. ಗಡಹಿಂಗ್ಲಜದ ಬಾಬಾಸಾಹೇಬ ಅಜ್ಜ ಶಾಲೆಯ ಸೂಟಿಯಲ್ಲಿ ಕಲಿಸಿದ ತಬಲಾ ಬಿಟ್ಟರೆ ನಿನಗೆ ಬೇರೆ ವಿದ್ಯೆ ಇರಲಿಲ್ಲ. ಒಂದು ದಿನ ನನ್ನ ಸ್ಟಿಕ್ಕು ಹಿಡಿದು, ಅಜ್ಜನ ಏಳು ಮಾತ್ರೆಯ ರೂಪಕ ತಾಳವನ್ನು ಬಾಯಲ್ಲೇ ಹೇಳಿಕೊಂಡು ಹೊಡೆದೆ. ಮೂರು ಮಾತ್ರೆ ನಿಂತು ಉಸಿರು, ಎರಡಕ್ಕೆ ಸ್ಟಿಕ್ಕು ಮೇಲೆ, ಎರಡಕ್ಕೆ ಕೆಳಗೆ, ತಿರುಗಿ ಮೊದಲ ಮಾತ್ರೆ ಬೀಳುವಾಗ ಚೆಂಡು ಹೊರಟಿರುತ್ತಿತ್ತು. ಗಾಳಿ ಎದುರಾದರೆ ಲಯ ದುಪ್ಪಟ್ಟು ಮಾಡಿ ಚೆಂಡನ್ನು ತಗ್ಗಿನಲ್ಲೇ ಓಡಿಸುತ್ತಿದ್ದೆ. ಮರ ಅಡ್ಡ ಬಂದರೆ ಆಲಾಪ ಎಳೆದ ಹಾಗೆ ಬಳುಕಿಸಿ ಸುತ್ತು ಹಾಕಿಸುತ್ತಿದ್ದೆ. ಕೋಚ್ ಟೊಪ್ಪಿಗೆ ತೆಗೆದು ನೋಡುತ್ತ ನಿಂತ. ಮರುವಾರ ಅಪ್ಪ ಎಲ್ಲರೆದುರು ಸ್ಟಿಕ್ಕುಗಳ ಚೀಲವನ್ನು ನನ್ನ ಹೆಗಲಿಗೆ ಹಾಕಿದರು. "ನಿನ್ನ ಕೈಯಾಗ ಬರೇ ಕಟಗಿ ಐತಿ, ಆಕಿ ಕೈಯಾಗ ಹಾಡ ಐತಿ. ಇನ್ನ ಮ್ಯಾಲ ನೀ ಚೀಲ ಹೊರು." ಆಗ ನನಗೆ ಇಪ್ಪತ್ಮೂರು. ಹುಲ್ಲು ಕತ್ತರಿಸುವ ಮಾಯಪ್ಪ ಕೂಡ ನಕ್ಕ.

ನೀನು ನಗಲಿಲ್ಲ. ಅಣ್ಣನಿಗೆ ನೋವಾಗಬಾರದೆಂದು ನನಗೊಂದು ಕೆಲಸ ಹುಟ್ಟಿಸಿದೆ. ಪ್ರತಿ ಹೊಡೆತಕ್ಕೂ ನಾನು ಚೀಲದ ಮೇಲೆ ಮೆಲ್ಲಗೆ ಎರಡು ಸುತ್ತು ತಾಳ ಹಾಕಬೇಕು, ನೀನು ಎರಡನೆಯ ಸುತ್ತಿನಲ್ಲಿ ಹೊಡೆಯಬೇಕು. "ಅಣ್ಣಾ, ನೀ ಹಾಕಿದ್ರ ನನಗ ಎಣಿಸೂ ಚಿಂತಿ ಇರೂದಿಲ್ಲ," ಎಂದೆ. ಎರಡು ವರ್ಷ ನೀನು ಗೆದ್ದೆ, ನಾನು ಚೀಲ ಹೊತ್ತೆ.

ರಾಜ್ಯ ತಂಡದ ಆಯ್ಕೆಯ ದಿನ, ಕೊನೆಯ ಕುಳಿ. ಒಂದು ಸಾದಾ ಹೊಡೆತ ಸಾಕಿತ್ತು. ನೀನು ಕಣ್ಣು ಮುಚ್ಚಿ ನಿಂತೆ. ನಾನು ಮೊದಲ ಸುತ್ತು ಸರಿಯಾಗಿ ಹಾಕಿದೆ. ಎರಡನೆಯದರಲ್ಲಿ ಏಳನೆಯ ಮಾತ್ರೆಯನ್ನು ನುಂಗಿದೆ. ಕೈ ತಪ್ಪಿ ಆದದ್ದಲ್ಲ, ಮನಾಲಿ. ಹಿಂದಿನ ದಿನವಿಡೀ ನನ್ನ ತೊಡೆಯ ಮೇಲೆ ಅಭ್ಯಾಸ ಮಾಡಿದ್ದೆ. ನಿನ್ನ ಕೈ ಅವಸರಪಟ್ಟಿತು, ಚೆಂಡು ಗೋಡೆ ದಾಟಿ ಕಬ್ಬಿನೊಳಗೆ ಬಿತ್ತು. ನೀನು ತಿರುಗಿ ನನ್ನನ್ನೇ ಕೇಳಿದೆ, "ಅಣ್ಣಾ, ನಾ ತಾಳ ತಪ್ಪಿದ್ನ್ಯಾ?" ನಾನು, "ಹೌದು, ನೀನ ತಪ್ಪಿದಿ," ಎಂದೆ.

ಆಮೇಲೆ ತಿಂಗಳುಗಟ್ಟಲೆ ನೀನು ಮೆಟ್ಟಿಲು ಹತ್ತುವಾಗಲೂ ಏಳು ಎಣಿಸುತ್ತಿದ್ದೆ. ನಡುವೆ ನಿಂತು, ತಪ್ಪಿತೇನೋ ಎಂದು ಕೆಳಗಿಳಿದು ಮತ್ತೆ ಮೊದಲಿನಿಂದ ಹತ್ತುತ್ತಿದ್ದೆ. ನಾನು ಪಡಸಾಲೆಯಲ್ಲಿ ಪೇಪರ್ ಓದುತ್ತ ಕೂತಿರುತ್ತಿದ್ದೆ. ಮುಂದಿನ ಪಂದ್ಯದಲ್ಲಿ ನಿನ್ನ ಕೈ ಮೇಲೆ ಏಳಲೇ ಇಲ್ಲ. ಅಪ್ಪ, ಮಂದಿಯ ಮುಂದೆ ನಗೆಪಾಟಲಾಗುವುದು ಸಾಕೆಂದು ಆ ಚಳಿಗಾಲದಲ್ಲೇ ಲಗ್ನ ಮಾಡಿ ಕಳಿಸಿದರು. ನಿನ್ನ ತಬಲಾವನ್ನು ಗಡಹಿಂಗ್ಲಜಕ್ಕೆ ಮರಳಿ ಮುಟ್ಟಿಸಲು ನಾನೇ ಹೋಗಿದ್ದೆ. ಅಜ್ಜ ಅದನ್ನು ಮುಟ್ಟಲಿಲ್ಲ. "ಮನಾಲಿ ಏಳನ್ನ ಆರು ಎಣಿಸಾಕಿ ಅಲ್ಲೋ ಸೌರಭ," ಎಂದು ನನ್ನ ಮುಖವನ್ನೇ ನೋಡಿದರು. ಅವರು ತೀರಿಕೊಳ್ಳುವ ತನಕ ನಾನು ಆ ಊರಿಗೆ ಕಾಲಿಡಲಿಲ್ಲ.

ಇಷ್ಟು ಹೇಳಿದ ಮೇಲೆ ನನಗೆ ಹಗುರಾಗಿದೆ. ಹನ್ನೊಂದು ವರ್ಷದ ಭಾರ ನೋಡು. ಉತ್ತಮ ಕ್ಷಮಾ. ನೀನು ದೊಡ್ಡ ಮನಸ್ಸಿನವಳು, ಸಿಟ್ಟು ಹಿಡಿದು ಕೂಡುವವಳಲ್ಲ. ನಿಮ್ಮ ಮನೆಯವರಿಗೆ ನಮಸ್ಕಾರ. ರುತುಜಾಳ ತಲೆಯ ಮೇಲೆ ನನ್ನ ಕೈ ಸದಾ ಇರುತ್ತದೆ ಎಂದು ಹೇಳು.

ನಿನ್ನ ಅಣ್ಣ,
ಸೌರಭ

ತಾ.ಕ.: ಪುಣೆಯ ಗಾಲ್ಫ್ ಅಕಾಡೆಮಿಯೊಂದು ನನ್ನನ್ನು ಮುಖ್ಯ ಕೋಚ್ ಆಗಿ ಕರೆದಿದೆ. ರವಿವಾರ ಇಲ್ಲಿ ನಾನು ಹುಡುಗರಿಗೆ ತಾಳ ಹಾಕಿ ಆಟ ಕಲಿಸುವುದನ್ನು ಅವರು ನೋಡಿ ಹೋಗಿದ್ದಾರೆ. ಆದರೆ ಮಾಯಪ್ಪ ಅವರೆದುರು, "ಇದ ಇವರ ತಂಗೀ ಆಟರಿ," ಎಂದು ಹೇಳಿಬಿಟ್ಟಿದ್ದಾನೆ. "ಈ ಪದ್ಧತಿ ಅಣ್ಣನದು, ಅವನೇ ನನಗೆ ಕಲಿಸಿದ್ದು," ಎಂದು ನಿನ್ನ ಹೆಸರಿನಲ್ಲಿ ಬರೆಸಿದ ಕಾಗದ ಒಳಗಿದೆ. ಪೆನ್ಸಿಲ್ ಗುರುತು ಹಾಕಿದಲ್ಲಿ ಸಹಿ ಮಾಡಿ ಶುಕ್ರವಾರದೊಳಗೆ ಮುಟ್ಟುವಂತೆ ಕಳಿಸು, ಈ ಪತ್ರವನ್ನು ಹರಿದು ಹಾಕು. ಸಹಿ ಲಗ್ನದ ಮೊದಲಿನ ಹೆಸರಿನಲ್ಲೇ ಇರಲಿ, ಪಂದ್ಯದ ಪಟ್ಟಿಯಲ್ಲಿ ಅದೇ ಇದೆ.