ಪ್ರೆಶರ್ ಮಾತ್ರೆಯ ಅಳು

೭ ಜೂನ್ ೧೯೭೧, ಮುಲುಂಡ್
ಭಾಂಡುಪ್ ಶಾಲೆ ಶುರು. ಈ ವರ್ಷವೂ ಮೂರನೇ ಕ್ಲಾಸಿಗೆ ಕಲಿಸುವುದು ನಾನೇ. ಹೊಸ ಪ್ರೆಶರ್ ಮಾತ್ರೆಯಿಂದ ತಲೆನೋವು ಕಮ್ಮಿ. ಮೂಗು ಮಾತ್ರ ಕಟ್ಟಿದೆ — ಮಳೆಗಾಲ ಅಲ್ವಾ.

೨ ಜುಲೈ
ಮೂಗು ಬಿಡುವುದೇ ಇಲ್ಲ. ಕೆಮಿಸ್ಟ್ ಕೊಟ್ಟ ಶೀತದ ಮಾತ್ರೆ ದಿನಾ ನುಂಗುತ್ತಿದ್ದೇನೆ. ಎದೆ ಡವಡವ. ಡಾಕ್ಟರ್ ತೋಳಿಗೆ ಪಟ್ಟಿ ಸುತ್ತಿ ನೋಡಿ, ಪ್ರೆಶರ್ ಏರಿದೆ ಅಂತ ಮುಖ ಗಂಟಿಕ್ಕಿದರು. ನಮ್ಮ ಕಡೆಯವರೇ, ಕುಂದಾಪುರದವರು; ಸಲುಗೆ ಜಾಸ್ತಿ. “ಟೀಚರ್, ನೀವು ಉಪ್ಪಿನಕಾಯಿ ಬಿಟ್ಟಿಲ್ಲ!” ಪ್ರೆಶರ್ ಮಾತ್ರೆ ಡಬಲ್. ಶೀತದ್ದು ಹೇಳಲಿಲ್ಲ. ಶೀತಕ್ಕೂ ಪ್ರೆಶರಿಗೂ ಎಂಥ ಸಂಬಂಧ?

೯ ಆಗಸ್ಟ್
ಬರೆಯಲೂ ಬೇಡ ಅನ್ನಿಸ್ತದೆ. ಅಳು ಬರ್ತದೆ. ಅನ್ನ ಬಡಿಸುವಾಗ, ಬೋರ್ಡ್ ಒರೆಸುವಾಗ. “ನನ್ನಿಂದ ತಪ್ಪಾಯ್ತಾ ನೀಲಾ?” ಅಂದರು ಇವರು. ಪಾಪ. ಏನೂ ಆಗಿಲ್ಲ. ಮದುವೆಯಾದಂದಿನಿಂದ ಒಂದು ಏರು ಮಾತಿಲ್ಲ ಈ ಮನುಷ್ಯನದು. ನಾದಿನಿಯದು ಒಂದೇ ಹಟ — ಊರಿಗೆ ಹೋಗಿ ಜೋಯಿಸರಲ್ಲಿ ಪ್ರಶ್ನೆ ಕೇಳಿಸಿ ಅಂತ. ನನಗೆ ಎಲ್ಲಿಗೂ ಹೋಗುವುದು ಬೇಡ...

೨೫ ಆಗಸ್ಟ್, ಸಂಜೆ
ಸ್ಟೇಷನ್ನಿನಲ್ಲಿ ಫಾಸ್ಟ್ ಲೋಕಲ್ ಬರ್ತಿತ್ತು. ನಾನು ಪ್ಲಾಟ್‌ಫಾರ್ಮಿನ ಅಂಚಿಗೆ ಹೋಗಿದ್ದೆ. ಯಾಕೆ ಅಂತ ಬರೆಯಲಾರೆ. ಮೀನಿನ ಬುಟ್ಟಿಯ ಮರಾಠಿ ಹೆಂಗಸು “ಬಾಯೀ, ಮಾಗೆ ವ್ಹಾ!” ಅಂತ ಕಿರುಚಿ ಸೆರಗು ಹಿಡಿದು ಹಿಂದಕ್ಕೆ ಎಳೆದಳು. ಟ್ರೈನ್ ಹೋದ ಮೇಲೂ ಕೈ ಬಿಡಲಿಲ್ಲ.
ಮನೆಗೆ ಬಂದು ಇವರಿಗೆ ಎಲ್ಲ ಹೇಳಿದೆ. ಪಕ್ಕಕ್ಕೆ ಬಂದು ಕೂತರು. ಆಮೇಲೆ, “ನಾಳೆ ಹೋಟೆಲ್ ಕೆಲಸಕ್ಕೆ ಹೋಗುದಿಲ್ಲ. ನಿನ್ನ ಜೊತೆಗೇ ಇರ್ತೇನೆ.”

೨೬ ಆಗಸ್ಟ್
ಇವರು ಮನೆಯಲ್ಲಿದ್ದ ಮಾತ್ರೆ ಎಲ್ಲ ಚೀಲಕ್ಕೆ ತುಂಬಿಸಿಕೊಂಡು ಬಂದು ಡಾಕ್ಟರ ಮೇಜಿಗೆ ಸುರಿದರು. “ಹೆಂಡತಿ ಹೀಗೆ ಇರ್ಲಿಲ್ಲ ಡಾಕ್ಟ್ರೇ. ನಗ್ತಾ ಇದ್ದವಳು.” ನಿನ್ನೆ ಸ್ಟೇಷನ್ನಿನಲ್ಲಿ ಆದದ್ದನ್ನೂ ಹೇಳಿದರು.
ಡಾಕ್ಟರ್ ಶೀತದ ಮಾತ್ರೆ ಎತ್ತಿದರು. “ಇದು ಯಾವಾಗಿಂದ?”
ಹೇಳಿದೆ. ಕನ್ನಡಕ ತೆಗೆದಿಟ್ಟರು.
“ಮೂಗು ಕಟ್ಟಿದ್ದು ನನ್ನ ಮಾತ್ರೆಯಿಂದ. ಪ್ರೆಶರ್ ಏರಿಸಿದ್ದು ಇದು. ಗೊತ್ತಿಲ್ಲದೆ ನಾನು ಡಬಲ್ ಮಾಡಿದೆ. ಈ ಅಳು, ನಿನ್ನೆಯ ಆ ಯೋಚನೆ — ಆ ಡೋಸ್‌ನದ್ದೇ ಇರಬೇಕು. ಕೆಲವರಿಗೆ ಹಾಗಾಗ್ತದೆ. ಬೇರೆ ಏನು ತಗೊಳ್ತೀರಿ ಅಂತ ನಾನು ಕೇಳಬೇಕಿತ್ತು ಟೀಚರ್.”
ಎರಡೂ ಬಂದ್. ಬೇರೆ ಮಾತ್ರೆ ಬರೆದರು. ಇವರ ಕಡೆ ತಿರುಗಿ, “ಮೋನಪ್ಪ, ಮನಸ್ಸು ತಿಳಿಯಾಗ್ಲಿಕ್ಕೆ ವಾರಗಟ್ಟಲೆ ಬೇಕು. ಒಬ್ಬರನ್ನೇ ಬಿಡಬೇಡಿ.”
ಮೆಟ್ಟಿಲಲ್ಲಿ ಕೂತು ಅತ್ತೆ. ನನಗೆ ಹುಚ್ಚಲ್ಲ. ಇವರೂ ಅತ್ತರು, ಕೊಡೆ ಅಡ್ಡ ಹಿಡಿದು.

೧೯ ಸೆಪ್ಟೆಂಬರ್, ಭಾನುವಾರ
ಹೊಸ ಮಾತ್ರೆಗೆ ಥಟ್ಟನೆ ಎದ್ದರೆ ತಲೆ ತಿರುಗ್ತದೆ. ಅದನ್ನೂ ಹೇಳಿದೆ ಡಾಕ್ಟರಿಗೆ. ಈಗ ಎಲ್ಲ ಹೇಳ್ತೇನೆ. ಬೆಳಿಗ್ಗೆಗಳು ಇನ್ನೂ ಭಾರ. ಎಲ್ಲ ಬೆಳಿಗ್ಗೆಯೂ ಅಲ್ಲ.
ವಾರವಿಡೀ ಇಡ್ಲಿ ಮಾರುವವರು ಇವತ್ತು ಬಂಗುಡೆ ಮೀನು ಹುರಿಯಲು ಹೋಗಿ ಅಡಿಗೆಮನೆ ತುಂಬ ಹೊಗೆ. “ಕರ್ಕಲಾದದ್ದು ನನಗೆ, ಒಳ್ಳೇದು ನಿನಗೆ ಮಾರಾಯ್ತಿ!” ನಕ್ಕುಬಿಟ್ಟೆ. ಆಮೇಲೆ ಗೊತ್ತಾಯ್ತು, ನಕ್ಕೆ ಅಂತ. ಹಸಿವೂ ಆಗ್ತಾ ಉಂಟು. ತಟ್ಟೆ ಹಾಕಿ ಕರೀತಿದ್ದಾರೆ. ಬಂದೆ ಅಂದ್ರೂ ಮತ್ತೆ ಕರೀತಾರೆ. ಇಷ್ಟಕ್ಕೇ ನಿಲ್ಲಿಸ್ತೇನೆ.