ಕೊಳವೆ ಒಡೆದಿರಲಿಲ್ಲ

ದೊಡ್ಡಬಳ್ಳಾಪುರ
೧೨-೩-೧೯೪೩

ಯಜಮಾನರಾದ ವೆಂಕಟರಾಯಪ್ಪನವರಿಗೆ ಕಾರ್ಖಾನೆಯ ಆದಿನಾರಾಯಣಪ್ಪ ಮಾಡುವ ನಮಸ್ಕಾರಗಳು.

ಪಿಳ್ಳಪ್ಪ ಜೋಡಿಸಿದ್ದ ಕೊಳವೆ ಒಡೆದು ವಿಷಗಾಳಿ ಸೋರಿತೆಂದು ಕಳೆದ ವಾರ ಬರೆದಿದ್ದೆ. ಅದನ್ನು ನಂಬಿ ತಾವು ಅವನನ್ನು ಕೆಲಸದಿಂದ ತೆಗೆದಿರಿ. ನಾನು ಬರೆದದ್ದು ಸುಳ್ಳು.

ಯುದ್ಧದಿಂದಾಗಿ ಸೀಮೆಯಿಂದ ಬ್ಲೀಚಿಂಗ್ ಪುಡಿ ಬರುವುದು ನಿಂತಮೇಲೆ, ನೂಲು ಬಿಳುಪು ಮಾಡುವವರೆಲ್ಲ ನಮ್ಮ ಪುಡಿಗೇ ಕಾಯುತ್ತಾರೆ. ಅಂದು ಆತುರದಲ್ಲಿದ್ದೆ. ಹೈಡ್ರೋಕ್ಲೋರಿಕ್ ಆಸಿಡ್ಡಿಗೆ ಮ್ಯಾಂಗನೀಸ್ ಕಲ್ಲಿನ ಪುಡಿ ಹಾಕಿ ಕಾಯಿಸಿದೆ. ಹಸಿರು ಕ್ಲೋರಿನ್ ಗಾಳಿ ಏಳುತ್ತಲೇ ಅದನ್ನು, ಸುಣ್ಣ ಅದನ್ನು ಹೀರಿ ಪುಡಿಯಾಗುವ ಕೋಣೆಗೆ ಬಿಟ್ಟು ಬಾಗಿಲು ಹಾಕಿದೆ. ಒಳಗೆ ಕೂಲಿಯ ವರಲಕ್ಷ್ಮಮ್ಮ ಇನ್ನೂ ಸುಣ್ಣ ಹರಡುತ್ತಿದ್ದಳು. ನಾನು ನೋಡಲಿಲ್ಲ. ಕೆಮ್ಮು ಕೇಳಿಸಿದ ಮೇಲೆ ಒಳಗೆ ನುಗ್ಗಿ ಅವಳನ್ನು ಎಳೆದುಕೊಂಡು ಬಂದೆ.

ಜೀವ ಉಳಿದಿದೆ. ಮಲಗಿದರೆ ಉಸಿರು ಕಟ್ಟುವುದರಿಂದ ಗೋಡೆಗೊರಗಿ ಕೂತೇ ಇರುತ್ತಾಳೆ. ನಿನ್ನೆ ಅವಳ ಮನೆಗೆ ಹೋಗಿ ನಿಜ ಹೇಳಿದೆ.

"ಗೊತ್ತಿತ್ತು ಕಣಣ್ಣಾ. ಬಾಗ್ಲು ಹಾಕಿದ್ದು ಕೇಳಿಸ್ತು. ನೀವೇ ಹೇಳ್ತೀರ ಅಂತ ಸುಮ್ನಿದ್ದೆ. ಪಾಪ, ಪಿಳ್ಳಪ್ಪಣ್ಣ ಏನ್ ಮಾಡಿದ್ದ?" ಎಂದಳು.

ದಯವಿಟ್ಟು ಬೆಂಗಳೂರಿನಿಂದ ಎದೆ ನೋಡುವ ಡಾಕ್ಟರೊಬ್ಬರನ್ನು ಕರೆದುಕೊಂಡು ಬನ್ನಿ. ಪಿಳ್ಳಪ್ಪನನ್ನು ಮತ್ತೆ ಕೆಲಸಕ್ಕೆ ಸೇರಿಸಿಕೊಳ್ಳಿ. ನನ್ನನ್ನು ಏನು ಮಾಡಬೇಕೆಂಬುದು ತಮಗೆ ಬಿಟ್ಟದ್ದು. ಇವತ್ತು ಎರಡು ಸಲ ಆಸಿಡ್ ಕಾಯಿಸುವ ಒಲೆ ಹಚ್ಚಲು ಹೋದೆ. ಕೋಣೆ ಖಾಲಿ ಇದೆಯೆಂದು ನೋಡಿ, ಮತ್ತೆ ನೋಡಿ, ಹಚ್ಚಲಾಗದೆ ಹಿಂತಿರುಗಿದೆ.

ಕಾಗದವನ್ನು ಪಿಳ್ಳಪ್ಪನ ಕೈಯಲ್ಲೇ ಕಳಿಸುತ್ತಿದ್ದೇನೆ. ಇಷ್ಟನ್ನೂ ಅವನಿಗೆ ಓದಿ ಹೇಳಿದೆ. ಅವನು ಹಿತ್ತಲಿಗೆ ಹೋಗಿ ಮುಖ ತೊಳೆದು ಬಂದು, ಕಾಗದಕ್ಕಾಗಿ ಕೈ ಚಾಚಿ ನಿಂತಿದ್ದಾನೆ.

ತಮ್ಮ ತೀರ್ಮಾನಕ್ಕೆ ಕಾದಿರುವ,
ಆದಿನಾರಾಯಣಪ್ಪ